ಚಿಕ್ಕಪ್ಪನ ಹೆಸರು ಹುಡುಕಿಕೊಂಡು ದಿಲ್ಲಿಗೆ

ಮೊದಲ ದಿನ

ನಮ್ಮೂರ ಕೆರೆ ಏರಿ ಮೇಲೆ ಮೂರು ವೀರಗಲ್ಲುಗಳಿವೆ. ಹಾಸನ ಜಿಲ್ಲೆಯಲ್ಲಿ ಇದೇನೂ ವಿಶೇಷ ಅಲ್ಲ, ಎಷ್ಟೋ ಊರುಗಳಲ್ಲಿ ಕಾಣಸಿಗುತ್ತವೆ. ಒಂದು ಅರ್ಧ ಮಣ್ಣಲ್ಲಿ ಹೂತಿದೆ. ಇನ್ನೊಂದಕ್ಕೆ ಎಮ್ಮೆಗಳು ಮೈ ಉಜ್ಜಿ ಉಜ್ಜಿ ಒಂದು ಬದಿ ಎಣ್ಣೆ ಸವರಿದ ಹಾಗೆ ಹೊಳೆಯುತ್ತೆ. ಮೂರನೆಯದು ಚೆನ್ನಾಗಿ ಉಳಿದಿದೆ. ಕೆಳಗೆ ಕತ್ತಿ ಹಿಡಿದು ಕಾದಾಡುವವನು, ನಡುವೆ ಅವನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತವನು. ಬರಹ ಮಾತ್ರ ಸವೆದುಹೋಗಿದೆ.

ಬಸ್ಸಿಗೆ ಹೊರಟಾಗ ಚಿಕ್ಕಮ್ಮ ಆ ಕಲ್ಲಿನ ಮುಂದೆ ನಿಂತರು. ಕೈ ಮುಗಿಯಲಿಲ್ಲ. ಸುಮ್ನೆ ನಿಂತು ನೋಡಿದರು. ಆಮೇಲೆ 'ನಡಿ ಪುಟ್ಟಾ, ಬಸ್ಸು ತಪ್ಪುತ್ತೆ' ಅಂದರು.

ನಾವು ಹೊರಟಿದ್ದು ದಿಲ್ಲಿಗೆ. ಚಿಕ್ಕಪ್ಪ ಮದ್ರಾಸ್ ರೆಜಿಮೆಂಟಿನಲ್ಲಿ ಸಿಪಾಯಿ. 1987ರಲ್ಲಿ ರಾಜೀವ್ ಗಾಂಧಿ ಮತ್ತು ಲಂಕೆಯ ಅಧ್ಯಕ್ಷ ಜಯವರ್ಧನೆ ಒಪ್ಪಂದ ಮಾಡಿಕೊಂಡ ಮೇಲೆ ಶ್ರೀಲಂಕಾಗೆ ಶಾಂತಿಪಾಲನಾ ಪಡೆ ಹೋಯಿತಲ್ಲ, ಅದರಲ್ಲಿ ಇವರೂ ಇದ್ದರು. ಶಾಂತಿ ಕಾಯಲು ಹೋದವರು ಅಕ್ಟೋಬರ್ ಹೊತ್ತಿಗೆ ಜಾಫ್ನಾದಲ್ಲಿ ಎಲ್‌ಟಿಟಿಇಯ ತಮಿಳು ಬಂಡುಕೋರರ ಜೊತೆ ಯುದ್ಧಕ್ಕೆ ನಿಂತಿದ್ದರು. ನವೆಂಬರ್‌ನಲ್ಲಿ ನಮ್ಮ ಮನೆಗೆ ಟೆಲಿಗ್ರಾಂ ಬಂತು. ದೇಹ ಬರಲಿಲ್ಲ. ತಿಂಗಳುಗಳಾದ ಮೇಲೆ ಒಂದು ಕಪ್ಪು ಟ್ರಂಕು ಬಂತು. ಅದು ಈಗಲೂ ಅಟ್ಟದ ಮೇಲಿದೆ, ಒಳಗೆ ರಾಗಿ ಬೀಜ ಇಡ್ತೀವಿ. ಚಿಕ್ಕಮ್ಮನಿಗೆ ಆಗ ಇಪ್ಪತ್ತೊಂದು. ಮದುವೆಯಾಗಿ ಹದಿನಾಲ್ಕು ತಿಂಗಳು. ಮಕ್ಕಳಿರಲಿಲ್ಲ.

ದಿಲ್ಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಚಿಕ್ಕಪ್ಪನ ಹೆಸರಿದೆ ಅಂತ ನಮಗೆ ಗೊತ್ತಾಗಿದ್ದೇ ತಡವಾಗಿ. ನಾನು ಹೇಳಿದಾಗ ಚಿಕ್ಕಮ್ಮ ಅಂಗನವಾಡಿಯ ಲೆಕ್ಕದ ಪುಸ್ತಕ ಬರೀತಿದ್ದರು. ತಲೆ ಎತ್ತದೆ 'ನಿಜವಾಗ್ಲೂ ಇದೆಯಾ, ಇಲ್ಲಾ ಬರೀ ಮಾತಾ?' ಅಂದರು. ಅವರಿಗೆ ಅನುಮಾನ ಬಂದಿದ್ದರಲ್ಲಿ ತಪ್ಪೇನಿಲ್ಲ. ಮೂವತ್ತೆಂಟು ವರ್ಷದಲ್ಲಿ ಅವರು ಕೇಳಿದ ಭರವಸೆಗಳನ್ನು ಪೇರಿಸಿಟ್ಟರೆ ಟ್ರಂಕೇ ಸಾಲಲ್ಲ.

ಅರಸೀಕೆರೆಯಿಂದ ಬೆಂಗಳೂರು, ಅಲ್ಲಿಂದ ಸಂಜೆ ಏಳರ ಮೇಲೆ ಕರ್ನಾಟಕ ಎಕ್ಸ್‌ಪ್ರೆಸ್. ಚಿತ್ರಾನ್ನ, ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿಕೊಂಡಿದ್ದೆವು. ಚಿಕ್ಕಮ್ಮನ ಕೈಚೀಲದಲ್ಲಿ ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಪಿಂಚಣಿ ಆದೇಶದ ಜೆರಾಕ್ಸು, ಆಧಾರ್, ಬ್ಯಾಂಕ್ ಪಾಸ್‌ಬುಕ್ಕು, ಮದುವೆ ಫೋಟೋ. 'ಗೋಡೆ ನೋಡೋಕೆ ಇದೆಲ್ಲಾ ಯಾಕೆ ಚಿಕ್ಕಮ್ಮ?' ಅಂದೆ. 'ಸರ್ಕಾರದ ಜಾಗ ಅಂದ್ಮೇಲೆ ಕೇಳೇ ಕೇಳ್ತಾರೆ' ಅಂದರು.

ಎರಡನೇ ದಿನ

ಕಣ್ಣು ಬಿಟ್ಟಾಗ ಸೊಲ್ಲಾಪುರ ಹತ್ತಿರ. ಇಡೀ ದಿನ ರೈಲಲ್ಲೇ. ದೌಂಡ್, ಮನ್ಮಾಡ್, ಭೂಸಾವಳ. ಕಿಟಕಿಯಾಚೆ ಕಬ್ಬು, ಆಮೇಲೆ ಬಾಳೆ, ಆಮೇಲೆ ಕತ್ತಲೆ.

ಎದುರು ಸೀಟಿನಲ್ಲಿ ಹರಿಯಾಣದ ಒಬ್ಬ ನಿವೃತ್ತ ಹವಾಲ್ದಾರರು. ಬೆಂಗಳೂರಲ್ಲಿ ಮಗನ ಮನೆಗೆ ಬಂದು ವಾಪಸ್ ಹೊರಟಿದ್ದರು. ನಾವು ಹೊರಟ ಕಾರಣ ಕೇಳಿದ್ದೇ ತಡ, ಎದ್ದು ನಿಂತು ಚಿಕ್ಕಮ್ಮನಿಗೆ ಕೈ ಮುಗಿದರು. ಊಟದ ಹೊತ್ತಿಗೆ ತಮ್ಮ ಡಬ್ಬಿಯ ಬೇಸನ್ ಲಾಡು ಕೊಟ್ಟರು. ಒಳ್ಳೇ ಮನುಷ್ಯ. ಮಾತಿಗೆ ಮಾತು ಬೆಳೆದು, ತಮ್ಮ ಕಡೆ ಸಿಪಾಯಿ ಸತ್ತರೆ ಹೆಂಡತಿಯನ್ನು ಮೈದುನನಿಗೆ ಕೊಟ್ಟು ಚಾದರ ಹೊದಿಸ್ತಾರೆ, ಅದಕ್ಕೆ ಕರೇವಾ ಅಂತಾರೆ ಅಂದರು. 'ಮನೆ ಸೊಸೆ ಮನೆಯಲ್ಲೇ ಉಳಿಯುತ್ತಾಳೆ, ಹೊಲ ಪಾಲಾಗಲ್ಲ' ಅಂತ ಅವರ ವಿವರಣೆ. ನಾನು ಅದನ್ನು ಕನ್ನಡದಲ್ಲಿ ಚಿಕ್ಕಮ್ಮನಿಗೆ ಹೇಳಿದೆ. ಅವರು ಲಾಡು ಮುರಿಯುತ್ತಾ ಕೂತರು, ಏನೂ ಅನ್ನಲಿಲ್ಲ.

ರಾತ್ರಿ ಭೋಪಾಲ್ ದಾಟಿದ ಮೇಲೆ, ಎಲ್ಲರೂ ಮಲಗಿದಾಗ ಅವರೇ ಶುರು ಮಾಡಿದರು.

'ಅವತ್ತು ಆಫೀಸಲ್ಲಿ ಒಬ್ಬ ಗುಮಾಸ್ತ ನನ್ನನ್ನೂ ಕೇಳಿದ್ದ ಕಣೋ. ಮೈದುನ ಇದ್ದಾನಾ ಅಂತ.'

ನನಗೆ ಅರ್ಥವಾಯಿತು. ಸೇನೆಯ ಹಳೇ ಪಿಂಚಣಿ ನಿಯಮದಲ್ಲಿ ಹಾಗೇ ಇತ್ತು. ವಿಧವೆ ಮರುಮದುವೆಯಾದರೆ ಪಿಂಚಣಿ ನಿಲ್ಲುತ್ತೆ. ಆದರೆ ಸತ್ತ ಗಂಡನ ಸೋದರನನ್ನೇ ಮದುವೆಯಾಗಿ ಆ ಮನೆಯವರ ಜೊತೆಗೇ ಬಾಳಿದರೆ ನಿಲ್ಲಲ್ಲ. ಪಂಜಾಬ್, ಹರಿಯಾಣದ ಪದ್ಧತಿಯನ್ನು ನೋಡಿಯೇ ಬರೆದ ಹಾಗಿದೆ. ಅಲ್ಲಿಂದ ಜಾಸ್ತಿ ಜನ ಸೇನೆಗೆ ಸೇರ್ತಿದ್ದರು ಬೇರೆ. ನಮ್ಮ ಮನೆಗಳಲ್ಲಿ ಅತ್ತಿಗೆ ಅಂದರೆ ತಾಯಿ ಸಮಾನ. ಮೈದುನ ಅಂದರೆ ನಮ್ಮ ಕೊನೇ ಚಿಕ್ಕಪ್ಪ, ಆಗ ಪಿಯುಸಿ ಹುಡುಗ.

'ಅವನ ಅಂಗಿಗೆ ಗುಂಡಿ ಹೊಲೀತಿದ್ದೆ ನಾನು. ಅತ್ಗೆಮ್ಮ ಅತ್ಗೆಮ್ಮ ಅಂತ ಹಿಂದೆ ಮುಂದೆ ಸುತ್ತೋನು. ಆ ಗುಮಾಸ್ತ ಹಾಗಂದಾಗ ಭೂಮಿ ಬಾಯ್ಬಿಡಬಾರದಾ ಅನ್ನಿಸ್ತು.'

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಹೇಳಿದರು. ಇದು ನನಗೆ ಗೊತ್ತೇ ಇರಲಿಲ್ಲ. ನಾಲ್ಕು ವರ್ಷ ಆದಮೇಲೆ ಒಬ್ಬ ಮೇಷ್ಟ್ರು ಇವರನ್ನು ಮದುವೆಯಾಗ್ತೀನಿ ಅಂತ ಕೇಳಿ ಬಂದಿದ್ದರಂತೆ. ಅಜ್ಜಿಯೇ ಒಪ್ಪಿದ್ದರಂತೆ. ಬೇಡ ಅಂದವರು ಚಿಕ್ಕಮ್ಮನೇ.

'ಯಾಕೆ? ಇಷ್ಟ ಇರಲಿಲ್ವಾ?'

'ಇಷ್ಟದ ಮಾತು ಎಲ್ಲಿ ಬಂತು. ಪಿಂಚಣಿ ನಿಂತುಹೋಗ್ತಿತ್ತು. ಅಜ್ಜಿ ಔಷಧಿ, ಚಿಕ್ಕವನ ಕಾಲೇಜು ಎರಡೂ ಅದರಲ್ಲೇ ತಾನೆ ನಡೀತಿದ್ದದ್ದು.'

ಇಷ್ಟು ಹೇಳಿ ಹೊದ್ದುಕೊಂಡು ಗೋಡೆ ಕಡೆ ತಿರುಗಿದರು. ನನಗೆ ನಿದ್ದೆ ಬರಲಿಲ್ಲ. ಆ ನಿಯಮ ಆಮೇಲೆ ಹಂತ ಹಂತವಾಗಿ ಸಡಿಲವಾಯಿತು. ಶೌರ್ಯ ಪದಕದ ಜೊತೆ ಬರುವ ಭತ್ಯೆಗೂ ಇಂಥದೇ ಷರತ್ತಿತ್ತು, ಮರುಮದುವೆ ಆಗೋದಾದರೆ ಗಂಡನ ಸೋದರನನ್ನೇ ಆಗಬೇಕು ಅಂತ. ರಕ್ಷಣಾ ಸಚಿವಾಲಯ ಅದನ್ನು ತೆಗೆದಿದ್ದು 2017ರ ನವೆಂಬರ್‌ನಲ್ಲಿ. ಅಷ್ಟೊತ್ತಿಗೆ ಚಿಕ್ಕಮ್ಮನಿಗೆ ಐವತ್ತು ದಾಟಿತ್ತು.

ಮೂರನೇ ದಿನ

ಬೆಳಿಗ್ಗೆ ದಿಲ್ಲಿ. ಫೆಬ್ರವರಿ ಚಳಿ, ಮಂಜು. ರೂಮು ಬುಕ್ ಮಾಡಿದ್ದ ಹೋಟೆಲಿನವನು 'ನಿಮ್ಮ ಬುಕಿಂಗೇ ಬಂದಿಲ್ಲ' ಅಂದುಬಿಟ್ಟ. ಅರ್ಧ ಗಂಟೆ ಜಗಳ. ಕೊನೆಗೆ ಪಹಾಡ್‌ಗಂಜ್‌ನ ಒಂದು ಗಲ್ಲಿಯಲ್ಲಿ ಕಿಟಕಿ ಇಲ್ಲದ ರೂಮು ಸಿಕ್ಕಿತು. ಬಿಸಿನೀರು ಮಾತ್ರ ಧಾರಾಳ.

ಸಂಜೆ ಇಂಡಿಯಾ ಗೇಟ್ ನೋಡೋಣ ಅಂತ ಹೋದೆವು. ಚಿಕ್ಕಮ್ಮ ತಲೆ ಹಿಂದಕ್ಕೆ ಹಾಕಿ ನೋಡಿದರು. 42 ಮೀಟರ್ ಎತ್ತರ. ಮೈತುಂಬಾ ಹೆಸರುಗಳು, ಹದಿಮೂರು ಸಾವಿರಕ್ಕೂ ಜಾಸ್ತಿ. ಇವರೆಲ್ಲ ಬ್ರಿಟಿಷರ ಸೇನೆಯಲ್ಲಿದ್ದು ಮೊದಲ ಮಹಾಯುದ್ಧದಲ್ಲಿ, ಮೂರನೇ ಆಫ್ಘನ್ ಯುದ್ಧದಲ್ಲಿ ಸತ್ತವರು. 1931ರಲ್ಲಿ ಆಗಿನ ವೈಸ್‌ರಾಯ್ ಇರ್ವಿನ್ ಇದನ್ನು ಉದ್ಘಾಟಿಸಿದರು. ಹತ್ತಿರ ಹೋದರೂ ಮೇಲಿನ ಹೆಸರುಗಳನ್ನು ಓದೋಕೆ ಆಗಲ್ಲ. ಅಷ್ಟೆತ್ತರದಲ್ಲಿ ಕೆತ್ತಿದ್ದು ಯಾರು ಓದಲಿ ಅಂತಲೋ.

ಕಮಾನಿನ ಕೆಳಗೆ ಮೊದಲು ಅಮರ್ ಜವಾನ್ ಜ್ಯೋತಿ ಇತ್ತು. 1971ರ ಯುದ್ಧದ ನಂತರ, 1972ರ ಜನವರಿ 26ರಂದು ಹಚ್ಚಿದ್ದು. ತಲೆಕೆಳಗಾದ ರೈಫಲ್, ಅದರ ಮೇಲೆ ಹೆಲ್ಮೆಟ್. ನಾವೆಲ್ಲ ಗಣರಾಜ್ಯೋತ್ಸವದ ದಿನ ಟಿವಿಯಲ್ಲಿ ನೋಡಿ ಬೆಳೆದ ಚಿತ್ರ. ಆ ಜ್ಯೋತಿಯನ್ನು 2022ರ ಜನವರಿ 21ರಂದು ಹೊಸ ಸ್ಮಾರಕದ ಜ್ಯೋತಿಗೆ ಸೇರಿಸಿದರು. ರೈಫಲ್, ಹೆಲ್ಮೆಟ್ಟೂ ಅಲ್ಲಿಗೇ ಹೋದವು. ಆಗ ದೊಡ್ಡ ಗಲಾಟೆ ಆಗಿತ್ತು. ಆರಿಸಿದರು ಅಂತ ಒಬ್ಬರು, ಇಲ್ಲ ಸೇರಿಸಿದರು ಅಂತ ಇನ್ನೊಬ್ಬರು. ನನಗೇನೋ ಆ ಹಳೇ ಜಾಗ ಈಗ ಬಿಕೋ ಅನ್ನಿಸಿತು. ಬೆಂಕಿ ಒಂದೇ ಆಗಿರಬಹುದು, ಆದರೆ ನೆನಪು ಅನ್ನೋದು ಜಾಗಕ್ಕೂ ಅಂಟಿಕೊಂಡಿರುತ್ತೆ ಅಲ್ವಾ.

ಹಿಂದಿನ ಮಂಟಪದಲ್ಲಿ ನೇತಾಜಿ. 28 ಅಡಿಯ ಕಪ್ಪು ಗ್ರಾನೈಟ್. 'ಇದನ್ನ ಕಡೆದಿದ್ದು ನಮ್ಮ ಮೈಸೂರಿನ ಅರುಣ್ ಯೋಗಿರಾಜ್' ಅಂದೆ. ಚಿಕ್ಕಮ್ಮ ಖುಷಿಯಾಗಿ ಪಕ್ಕದಲ್ಲಿ ಸೆಲ್ಫಿ ತೆಗೀತಿದ್ದ ಹುಡುಗಿಯರಿಗೂ ಕನ್ನಡದಲ್ಲೇ ಹೇಳಿದರು. ಅವರು ನಕ್ಕು, ಇವರನ್ನೂ ಸೆಲ್ಫಿಗೆ ನಿಲ್ಲಿಸಿಕೊಂಡರು.

ನಾಲ್ಕನೇ ದಿನ

ಮಧ್ಯಾಹ್ನ ಊಟ ಮುಗಿಸಿ ಸ್ಮಾರಕಕ್ಕೆ ಹೋದೆವು. ಪ್ರವೇಶ ಉಚಿತ. ಬಾಗಿಲಲ್ಲಿ ಚೀಲ ತಪಾಸಣೆ ಮಾಡಿದರು. ಪ್ಲಾಸ್ಟಿಕ್ ಕವರನ್ನು ಯಾರೂ ಕೇಳಲಿಲ್ಲ. ಚಿಕ್ಕಮ್ಮನಿಗೆ ಒಂಥರಾ ನಿರಾಸೆಯೇ ಆದಂತಿತ್ತು.

ಇಂಥದೊಂದು ಸ್ಮಾರಕ ಬೇಕು ಅಂತ ಸೇನೆ ಮೊದಲು ಕೇಳಿದ್ದು 1960ರಲ್ಲಿ. ಉದ್ಘಾಟನೆ ಆಗಿದ್ದು 2019ರ ಫೆಬ್ರವರಿ 25. ನಡುವೆ ಎಷ್ಟು ಯುದ್ಧಗಳು ಆಗಿಹೋದವು ಅಂತ ನೀವೇ ಎಣಿಸಿಕೊಳ್ಳಿ. ಅಲ್ಲಿವರೆಗೂ ಸ್ವತಂತ್ರ ಭಾರತಕ್ಕಾಗಿ ಸತ್ತವರೆಲ್ಲರ ಹೆಸರು ಒಂದೇ ಕಡೆ ಇರಲಿಲ್ಲ. ಬ್ರಿಟಿಷರಿಗಾಗಿ ಸತ್ತವರ ಹೆಸರು ಮಾತ್ರ ಎದುರಿಗೇ ಇತ್ತು.

40 ಎಕರೆ ಜಾಗ. ನೆಲಕ್ಕಿಂತ ಕೆಳಗೆ ಇಳಿದ ಹಾಗೆ, ಒಂದರೊಳಗೊಂದು ನಾಲ್ಕು ವೃತ್ತ. ನಟ್ಟನಡುವೆ ಜ್ಯೋತಿ ಇರುವ ಅಮರ ಚಕ್ರ. ಅದರಾಚೆ ವೀರತಾ ಚಕ್ರ, ತ್ಯಾಗ ಚಕ್ರ, ಕೊನೆಗೆ ಮರಗಳ ಸಾಲಿನ ರಕ್ಷಕ ಚಕ್ರ. ಹೆಸರಿನ ಗೋಡೆಗಳನ್ನು ಚಕ್ರವ್ಯೂಹದ ಹಾಗೆ ಕಟ್ಟಿದ್ದಾರೆ ಅಂದೆ. 'ಅಯ್ಯೋ, ಅದನ್ಯಾಕೆ ಆರಿಸಿಕೊಂಡರು?' ಅಂದರು ಚಿಕ್ಕಮ್ಮ. ಊರಲ್ಲಿ ಮೂಡಲಪಾಯ ಆಟ ನೋಡಿ ಬೆಳೆದವರು. ಅಭಿಮನ್ಯುವಿನ ಕಥೆ ಹೇಗೆ ಮುಗಿಯುತ್ತೆ ಅಂತ ಅವರಿಗೆ ಯಾರೂ ಹೇಳಬೇಕಿಲ್ಲ.

ವೀರತಾ ಚಕ್ರದಲ್ಲಿ ಆರು ಕಂಚಿನ ದೊಡ್ಡ ಫಲಕಗಳಿವೆ, ಒಂದೊಂದರಲ್ಲೂ ಒಂದೊಂದು ಕಾಳಗ. ತಿಥ್ವಾಲ್, ರೆಜಾಂಗ್ ಲಾ, ಲಾಂಗೇವಾಲಾ, ಗಂಗಾಸಾಗರ್, ಕರಾಚಿ ಮೇಲಿನ ನೌಕಾ ದಾಳಿ, ಸಿಯಾಚಿನ್. ಚಿಕ್ಕಮ್ಮ ಒಂದೊಂದರ ಮುಂದೆಯೂ ನಿಂತು 'ಇದಾ ಲಂಕೆ?' ಅಂತ ಕೇಳಿದರು. ಆರಕ್ಕೂ ನಾನು ಇಲ್ಲ ಅನ್ನಬೇಕಾಯಿತು.

ಆ ಯುದ್ಧವೇ ಹಾಗೆ, ಯಾರಿಗೂ ಬೇಡವಾದದ್ದು. ಗೆದ್ದೆವು ಅನ್ನೋ ಹಾಗಿಲ್ಲ, ಸೋತೆವು ಅನ್ನೋಕೆ ಮನಸ್ಸಿಲ್ಲ. ಸಾವಿರದ ನೂರಕ್ಕೂ ಹೆಚ್ಚು ಸೈನಿಕರು ಸತ್ತರು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಮದ್ರಾಸಿಗೆ ಬಂದಿಳಿದಾಗ ಆಗಿನ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ. ಅದೇ 1999ರ ಕಾರ್ಗಿಲ್ ನೋಡಿ. ಪೆಟ್ಟಿಗೆಗಳು ಊರೂರಿಗೆ ಬಂದವು, ಹಿಂದೆ ಜನಸಾಗರ, ಟಿವಿ ಕ್ಯಾಮೆರಾ, ಮಂತ್ರಿಗಳು. ನಮ್ಮ ತಾಲೂಕಿನ ಮೆರವಣಿಗೆಗಳಲ್ಲೂ ಚಿಕ್ಕಮ್ಮನನ್ನು ವೇದಿಕೆಗೆ ಕರೆದು ಶಾಲು ಹೊದಿಸೋಕೆ ಶುರುಮಾಡಿದ್ದು ಆಮೇಲೆಯೇ. ಹನ್ನೆರಡು ವರ್ಷ ಹಿಂದಿನ ಸಾವಿಗೆ ಆಗ ಬೆಲೆ ಬಂತು. 'ಹುತಾತ್ಮನ ಪತ್ನಿ' ಅಂತ ಮೈಕಿನಲ್ಲಿ ಕೂಗುತ್ತಿದ್ದರು. ಅಂದಹಾಗೆ, ಸರ್ಕಾರದ ಕಡತದಲ್ಲಿ ಹುತಾತ್ಮ ಅಥವಾ ಶಹೀದ್ ಅನ್ನೋ ಪದವೇ ಇಲ್ಲ. 2017ರಲ್ಲಿ ರಕ್ಷಣಾ ಮತ್ತು ಗೃಹ ಸಚಿವಾಲಯಗಳೇ ಕೇಂದ್ರ ಮಾಹಿತಿ ಆಯೋಗಕ್ಕೆ ಹಾಗೆ ಹೇಳಿವೆ. ಸೇನೆಯ ಪದ 'ಬ್ಯಾಟಲ್ ಕ್ಯಾಶುಅಲ್ಟಿ'. ಪಿಂಚಣಿ ಲೆಕ್ಕ ಹಾಕೋದು ಆ ಪದದ ಮೇಲೆ. ಯುದ್ಧದಲ್ಲಿ ಸತ್ತವರ ಮನೆಗೆ ಉದಾರೀಕೃತ ಕುಟುಂಬ ಪಿಂಚಣಿ, ಅಂದರೆ ಕೊನೆಯ ಸಂಬಳದಷ್ಟೇ. ಸೇವೆಯ ಕಾರಣಕ್ಕೆ ಬೇರೆ ರೀತಿ ಸತ್ತರೆ ಶೇ. 60. ಮಾಮೂಲಿ ಸಾವಾದರೆ ಶೇ. 30.

ತ್ಯಾಗ ಚಕ್ರ. ಗ್ರಾನೈಟ್ ಇಟ್ಟಿಗೆಗಳ ಗೋಡೆ, ಇಟ್ಟಿಗೆಗೊಂದು ಹೆಸರು, ಚಿನ್ನದ ಬಣ್ಣದ ಅಕ್ಷರ. ಉದ್ಘಾಟನೆ ಹೊತ್ತಿಗೆ 25,942 ಹೆಸರುಗಳಿದ್ದವು, ಆಮೇಲೂ ಸೇರುತ್ತಲೇ ಇವೆ. ಹುಡುಕೋಕೆ ಕಂಪ್ಯೂಟರ್ ಪರದೆ ಇಟ್ಟಿದ್ದಾರೆ. ಚಿಕ್ಕಪ್ಪನ ಹೆಸರು ಹಾಕಿದರೆ ಅದೇ ಹೆಸರಿನವರು ಇನ್ನೂ ಕೆಲವರು ಬಂದರು. ಚಿಕ್ಕಮ್ಮ ಬೆಟಾಲಿಯನ್, ನಂಬರು ಎಲ್ಲ ಬಾಯಿಪಾಠ ಹೇಳಿದರು. ಡ್ಯೂಟಿಯಲ್ಲಿದ್ದ ಜವಾನನೊಬ್ಬ ಗೋಡೆ ತನಕ ಬಂದು ತೋರಿಸಿದ.

ಕನ್ನಡ ಬಿಟ್ಟು ಬೇರೆ ಅಕ್ಷರ ಅವರಿಗೆ ಓದೋಕೆ ಬರಲ್ಲ. ನಾನು ಬೆರಳಿಟ್ಟು ಓದಿದೆ. ಅವರು ಅತ್ತುಬಿಡ್ತಾರೆ ಅಂತ ನನಗೆ ಒಳಗೊಳಗೇ ಭಯ. ಅವರು ಅಳಲಿಲ್ಲ. 'ಊರಿನ ಹೆಸರು ಇಲ್ವಾ?' ಅಂದರು.

'ಇಲ್ಲ. ಹೆಸರು, ಹುದ್ದೆ, ರೆಜಿಮೆಂಟು ಅಷ್ಟೇ.'

'ನಮ್ಮ ಕೆರೆ ಏರಿ ಕಲ್ಲಲ್ಲಿ ಊರು ಇರ್ತಿತ್ತು ಅಂತ ನೀನೇ ಹೇಳಿದ್ದೆ.'

ಹೇಳಿದ್ದೆ, ನಿಜ. ವೀರಗಲ್ಲಿನಲ್ಲಿ ಬರಹ ಇದ್ದರೆ ಯಾವ ಊರ ಕಾಳಗ, ಯಾರ ಮಗ, ಯಾರು ಕಲ್ಲು ನಿಲ್ಲಿಸಿದರು ಅನ್ನೋದೆಲ್ಲ ಸಾಮಾನ್ಯವಾಗಿ ಸಿಗುತ್ತೆ. ಬೇಗೂರಿನ ಕಲ್ಲಿನಲ್ಲಿ 'ಬೆಂಗಳೂರ ಕಾಳಗ' ಅಂತ ಇರೋದರಿಂದಲೇ ಬೆಂಗಳೂರು ಅನ್ನೋ ಹೆಸರು ಸಾವಿರ ವರ್ಷಕ್ಕಿಂತ ಹಳೆಯದು ಅಂತ ನಮಗೆ ಗೊತ್ತಾಗಿದ್ದು. ಸತ್ತವನ ಮನೆಗೆ ಹೊಲ ಬಿಟ್ಟುಕೊಟ್ಟಿದ್ದರೆ ಅದನ್ನೂ ಬರೆಸುತ್ತಿದ್ದರು, ನೆತ್ತರುಗೊಡಗೆ ಅಂತ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹಂದಿ ಜೊತೆ ಹೋರಾಡಿ ಸತ್ತ ಕಾಳಿ ಅನ್ನೋ ನಾಯಿಗೂ ಕಲ್ಲು ನೆಟ್ಟು, ಪೂಜೆಗೆ ಭೂಮಿ ಬಿಟ್ಟಿದ್ದರು. ಹೆಸರು ಮತ್ತು ಹೊಲ ಒಂದೇ ಕಲ್ಲಿನಲ್ಲಿ. ಈಗ ಹೆಸರು ದಿಲ್ಲಿಯ ಗೋಡೆಯಲ್ಲಿ, ಪಿಂಚಣಿ ಇನ್ನೆಲ್ಲೋ ಒಂದು ಕಂಪ್ಯೂಟರಿನಲ್ಲಿ.

'ಅಕ್ಕಪಕ್ಕ ಯಾರ್ಯಾರಿದ್ದಾರೆ ಓದು' ಅಂದರು ಚಿಕ್ಕಮ್ಮ.

ಎಡಕ್ಕೆ ಒಂದು ಮಲಯಾಳಿ ಹೆಸರು. ಬಲಕ್ಕೆ ತಮಿಳು. ಕೆಳಗೆ ಒಬ್ಬ ಸಿಂಗ್. ಮೇಲಿನದೂ ತಮಿಳೇ.

'ಒಳ್ಳೇದಾಯ್ತು. ಅವರಿಗೆ ತಮಿಳು ಚೆನ್ನಾಗಿ ಬರ್ತಿತ್ತು. ರಜಕ್ಕೆ ಬಂದಾಗ ನಿದ್ದೆಯಲ್ಲೂ ತಮಿಳು ಮಾತಾಡೋರು.'

ಪರಮ ಯೋಧ ಸ್ಥಳದಲ್ಲಿ 21 ಪರಮವೀರ ಚಕ್ರ ಪಡೆದವರ ಪ್ರತಿಮೆಗಳಿವೆ. ಅಲ್ಲಿ ಕೊನೆಗೂ ಲಂಕೆ ಸಿಕ್ಕಿತು. ಮೇಜರ್ ರಾಮಸ್ವಾಮಿ ಪರಮೇಶ್ವರನ್, ಮಹಾರ್ ರೆಜಿಮೆಂಟ್. 1987ರ ನವೆಂಬರ್ 25ರಂದು, ಎದೆಗೆ ಗುಂಡು ಬಿದ್ದ ಮೇಲೂ ಹೋರಾಡಿದವರು. 'ಇವರದೇ ತಿಂಗಳು' ಅಂದರು ಚಿಕ್ಕಮ್ಮ. ಗೋಡೆಯ ಮುಂದೆ ನಿಂತದ್ದಕ್ಕಿಂತ ಜಾಸ್ತಿ ಹೊತ್ತು ಅಲ್ಲಿ ನಿಂತರು.

ಸೂರ್ಯ ಮುಳುಗುವ ಮುಂಚೆ ರಿಟ್ರೀಟ್, ಅಂದರೆ ಸೇನೆಯ ಸಂಜೆ ವಿಧಿ. ದಿನಾ ಸಂಜೆ, ಮಡಿದ ಒಬ್ಬ ಸೈನಿಕನ ಮನೆಯವರಿಂದ ಇಲ್ಲಿ ಹೂಗುಚ್ಛ ಇಡಿಸುತ್ತಾರೆ. ಅವತ್ತು ಬಂದಿದ್ದ ಮನೆಯಲ್ಲಿ ಒಬ್ಬ ಎಳೇ ವಯಸ್ಸಿನ ಹೆಂಡತಿ, ಅತ್ತೆ, ಮಾವ. ಹೂಗುಚ್ಛದ ಹಿಂದೆ ನಡೆದವಳು ಆ ಹುಡುಗಿ. ಬ್ಯೂಗಲ್ ಊದಿದಾಗ ಎಲ್ಲರೂ ಎದ್ದು ನಿಂತೆವು. ಚಿಕ್ಕಮ್ಮ ನೋಡುತ್ತಿದ್ದದ್ದು ಮಾತ್ರ ಅತ್ತೆಯನ್ನು. ಆಯಮ್ಮ ಒಂದು ಹೆಜ್ಜೆ ಹಿಂದೆ, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ನಿಂತಿದ್ದರು.

ಸೇನೆಯ ಲೆಕ್ಕದಲ್ಲಿ ಮದುವೆಯಾದ ಮೇಲೆ ಹತ್ತಿರದ ಸಂಬಂಧಿ ಅಂದರೆ ಹೆಂಡತಿ. ಅವಳಿದ್ದರೆ ಪಿಂಚಣಿ ಸಾಮಾನ್ಯವಾಗಿ ತಂದೆತಾಯಿಗೆ ಇಲ್ಲ. 2024ರಲ್ಲಿ ಒಬ್ಬ ಕ್ಯಾಪ್ಟನ್‌ಗೆ ಮರಣೋತ್ತರ ಕೀರ್ತಿ ಚಕ್ರ ಬಂದಾಗ, ಈ ನಿಯಮ ಬದಲಿಸಿ ಅಂತ ಅವರ ತಂದೆತಾಯಿ ಕೇಳಿದ್ದರು. ಟಿವಿಯವರು ತಿಂಗಳುಗಟ್ಟಲೆ ಸೊಸೆ ಒಳ್ಳೆಯವಳೋ ಅತ್ತೆ ಒಳ್ಳೆಯವರೋ ಅಂತ ಪಂಚಾಯಿತಿ ಮಾಡಿದರು. ದುಃಖವನ್ನು ಒಂದೇ ಹೆಸರಿನ ಕಾಲಮ್ಮಿಗೆ ತುರುಕೋ ಫಾರಂ ಬಗ್ಗೆ ಮಾತಾಡಿದವರು ಕಡಿಮೆ.

ಹೊರಗೆ ಬರುವಾಗ ಕೇಳಿದೆ, 'ಅಜ್ಜಿ ನಿಮ್ಮ ಹತ್ರ ಯಾವತ್ತಾದ್ರೂ ಜಗಳ ಆಡಿದ್ರಾ ಚಿಕ್ಕಮ್ಮ, ದುಡ್ಡಿನ ವಿಷಯಕ್ಕೆ?'

'ಆಡದೇ ಇರ್ತಾರಾ? ನನ್ನ ಮಗನ ದುಡ್ಡು ಅನ್ನೋರು. ಹೌದಲ್ವಾ ಮತ್ತೆ, ಹತ್ತೊಂಬತ್ತು ವರ್ಷ ಸಾಕಿದ್ದು ಅವರು. ನಾನು ಬಾಳಿದ್ದು ಹದಿನಾಲ್ಕು ತಿಂಗಳು. ಅದರಲ್ಲಿ ರಜ ಎಷ್ಟು ದಿನ ಸಿಕ್ಕಿತ್ತೋ ಲೆಕ್ಕ ಹಾಕು. ಅದಕ್ಕೇ ಒಂದನೇ ತಾರೀಕು ಅರ್ಧ ಅವರ ಕೈಗೇ ಇಡ್ತಿದ್ದೆ. ಅವರು ಅದನ್ನ ತಿರುಗಿ ನನ್ನ ಡಬ್ಬಿಗೇ ಹಾಕೋರು. ಮಾರನೇ ತಿಂಗಳು ಮತ್ತೆ ಜಗಳ.'

ಐದನೇ ದಿನ

ರೈಲು ರಾತ್ರಿಗೆ. ಬೆಳಿಗ್ಗೆ ಚಾಣಕ್ಯಪುರಿಯ ರಾಷ್ಟ್ರೀಯ ಪೊಲೀಸ್ ಸ್ಮಾರಕಕ್ಕೆ ಹೋದೆವು. 30 ಅಡಿಯ ಒಂದೇ ಕಲ್ಲಿನ ಕಂಬ, 238 ಟನ್ ತೂಕ. 2018ರ ಅಕ್ಟೋಬರ್ 21ರಂದು ಉದ್ಘಾಟನೆ ಆದಾಗ ಗೋಡೆಯಲ್ಲಿ 34,844 ಹೆಸರುಗಳಿದ್ದವು. ಸೈನಿಕರಿಗಿಂತ ಜಾಸ್ತಿ! ನನಗೆ ಇದು ಗೊತ್ತಿರಲಿಲ್ಲ, ನಿಮಗೂ ಬಹುಶಃ ಇರಲಿಕ್ಕಿಲ್ಲ. ಅಕ್ಟೋಬರ್ 21 ಯಾಕೆಂದರೆ, 1959ರಲ್ಲಿ ಅದೇ ದಿನ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನಿಯರ ಗುಂಡಿಗೆ ಹತ್ತು ಪೊಲೀಸರು ಬಲಿಯಾಗಿದ್ದರು. ಚಿಕ್ಕಮ್ಮನಿಗೆ ಮಂಡಿ ನೋವು. ನೆರಳಲ್ಲಿ ಕೂತು ಕಡಲೆಕಾಯಿ ತಿಂದರು. ಆಮೇಲೆ ಸರೋಜಿನಿ ನಗರದಲ್ಲಿ ಅಂಗನವಾಡಿ ಮಕ್ಕಳಿಗೆ ಇಪ್ಪತ್ತೆರಡು ಟೋಪಿ ಕೊಂಡೆವು. ಚೌಕಾಸಿ ಪೂರ್ತಿ ಕನ್ನಡದಲ್ಲೇ ನಡೆಯಿತು, ಗೆದ್ದದ್ದೂ ಅವರೇ.

ರೈಲು ಹೊರಟ ಮೇಲೆ ಕೊಲಂಬೋ ವಿಷಯ ಹೇಳಿದೆ. ನಮ್ಮ ಸೈನಿಕರಿಗೆ ಅಲ್ಲೊಂದು ಸ್ಮಾರಕ ಇದೆ, ಕಟ್ಟಿಸಿದ್ದು ಶ್ರೀಲಂಕಾ ಸರ್ಕಾರ, 2008ರಲ್ಲೇ. ದಿಲ್ಲಿಯ ಗೋಡೆಗಿಂತ ಹತ್ತು ವರ್ಷಕ್ಕೂ ಹೆಚ್ಚು ಮುಂಚೆ. ಪಾರ್ಲಿಮೆಂಟ್ ಹತ್ತಿರ, ಕಪ್ಪು ಕಲ್ಲಿನ ಮೇಲೆ ಹೆಸರುಗಳಿವೆ. 2015ರಲ್ಲಿ ನಮ್ಮ ಪ್ರಧಾನಿ ಹೋಗಿ ನಮಸ್ಕಾರ ಮಾಡಿ ಬಂದರು.

'ನಮ್ಮವರನ್ನ ಹೊರಡಿ ಅಂದಿದ್ದು ಅವರೇ ತಾನೆ?'

'ಹೌದು, ಪ್ರೇಮದಾಸ ಅಧ್ಯಕ್ಷರಾಗಿದ್ದಾಗ.'

'ಅವರೇ ಮೊದಲು ಕಲ್ಲು ನಿಲ್ಲಿಸಿದರಾ?'

'ಹೌದು.'

ಚಿಕ್ಕಮ್ಮ ಹೊರಗೆ ನೋಡುತ್ತಾ ಕೂತರು. ಮಥುರಾ ದಾಟಿತು. ಚಹಾದವನು ಬಂದ, ಹೋದ. ಆಮೇಲೆ ಸೀಟಿನ ಕೆಳಗಿಂದ ಕೈಚೀಲ ಎಳೆದು, ಪ್ಲಾಸ್ಟಿಕ್ ಕವರು ತೆಗೆದು ತೊಡೆ ಮೇಲೆ ಇಟ್ಟುಕೊಂಡರು.

'ಪಾಸ್‌ಪೋರ್ಟ್ ಮಾಡಿಸೋಕೆ ಇದರಲ್ಲಿ ಯಾವ್ಯಾವ ಕಾಗದ ಬೇಕಾಗುತ್ತೋ ಪುಟ್ಟಾ?'